ಬಾಕಿ ಆರು ವರ್ಷ

ಮಾತುಂಗಾದ ಹೋಟೆಲಿನಿಂದ ನೇರ ಬಂದವನು,
ಕೈಯಲ್ಲಿನ್ನೂ ಉದ್ದಿನ ಹಿಟ್ಟಿನ ವಾಸನೆ,
‘ಅಮ್ಮಾ, ಕುತ್ಗಿಯಗೆ ಕಪ್ಪಿ ಹಾರ್ದಂಗ್ ಆತ್ತ್’ ಅಂದ.
ನಮ್ಮ ದಪ್ಪ ಪುಸ್ತಕದಲ್ಲೂ ಅದೇ ಕಪ್ಪೆ. ನಕ್ಕುಬಿಟ್ಟೆ.
ಇಸಿಜಿಯ ಕಾಗದ ಹೊರಬರುವ ಮೊದಲೇ ಗೊತ್ತಾಗಿತ್ತು
ಒಳಗಿನ ಮಿಂಚು ಎಲ್ಲಿ ಸುತ್ತು ಹಾಕುತ್ತಿದೆಯೆಂದು.

ಹಾಗೆ ಕಲಿತದ್ದು.
ಝಲ್ಲೆಂದರೆ ಒಂದು ಬಡಿತ ಅವಸರಪಟ್ಟಿದೆ,
ಧಸಕ್ಕೆಂದರೆ ಅದರ ಹಿಂದಿನ ಖಾಲಿ ಜಾಗ.
ಡವಡವ ಎಷ್ಟೋ ಸಲ ಬರೀ ಹೆದರಿಕೆ,
ಬಾಡಿಗೆಯ ವಾರ, ಮಗಳ ರಿಸಲ್ಟು.
‘ಏನೂ ಅನಿಸಲಿಲ್ಲ, ಸುಮ್ಮನೆ ಬಿದ್ದೆ’ ಅಂದವರನ್ನು ಮಾತ್ರ
ಮನೆಗೆ ಕಳಿಸಬಾರದು.

ಲೋಕಲ್ ರೈಲಿನ ಹೋಲಿಕೆ ಬೇಡ,
ಸನ್ಮಾನ ಸಭೆಗಳಲ್ಲಿ ಕೇಳಿ ಸಾಕಾಗಿದೆ.
ರೈಲು ತಡವಾದರೆ ದಾದರ್ ಕಾಯುತ್ತದೆ, ಬೈದುಕೊಂಡು.
ಮಿದುಳು ಹತ್ತು ಸೆಕೆಂಡು ಕಾಯುವುದಿಲ್ಲ.

ಮೂವತ್ತೊಂದು ವರ್ಷ ನಾನು ಮಾಡಿದ್ದು
ಎಡ ಹೆಗಲೆಲುಬಿನ ಕೆಳಗೆ, ಚರ್ಮದಡಿ,
ಕಿಸೆ ಹೊಲಿಯುವ ಕೆಲಸ.
ಪರೇಲಿನ ಚಾಳಿನಲ್ಲಿ ಅಪ್ಪನೂ ಅಂಗಿಗೆ
ಎಡಗಡೆಯೇ ಕಿಸೆ ಇಡುತ್ತಿದ್ದ.
‘ಬಿಗಿ ಮಾಡ್ಬೇಡ, ಸಡಿಲ ಬಿಡ್ಬೇಡ,
ಇಟ್ಟದ್ದು ಉಳೀಬೇಕು’ ಎನ್ನುತ್ತಿದ್ದ.
ನನ್ನ ಪ್ರೊಫೆಸರು ಹೇಳಿದ್ದೂ ಇಷ್ಟೇ, ಇಂಗ್ಲಿಷಿನಲ್ಲಿ.

ಉಳಿಯದ್ದೂ ಉಂಟು.
ಬೆಸ್ಟ್ ಬಸ್ಸಿನ ಕಂಡಕ್ಟರ್ ಪೆಡಣೇಕರ್.
ಎದೆಯೊಳಗಿನ ತಂತಿ ಸೀಳಿ, ನಾನಿಟ್ಟ ಯಂತ್ರಕ್ಕೆ ಭ್ರಮೆ ಹಿಡಿದು
ಲಾಲ್‌ಬಾಗಿನ ಸೇತುವೆಯ ಮೇಲೆ ಒಂಬತ್ತು ಸಲ ಒದೆಯಿತು,
ಸಾಯದಿದ್ದವನನ್ನು ಬದುಕಿಸುತ್ತಲೇ ಇತ್ತು.
ತಂತಿ ಬದಲಿಸಿದೆ. ಕ್ಷಮೆ ಕೇಳಿದೆ.
ಅವನು ಮಾತ್ರ ಮತ್ತೆಂದೂ ಗಂಟೆಯ ಹಗ್ಗ ಎಳೆಯಲಿಲ್ಲ.

ಹೋದ ಜೂನಿನಲ್ಲಿ ಗಾಮ್‌ದೇವಿಯಿಂದ ಜರ್ಬಾಯಿಯ ಫೋನು:
‘ಫಲಿ ಹೋದ. ಮಲಬಾರ್ ಹಿಲ್ಲಿನಲ್ಲಿ ಈಗ ಹದ್ದುಗಳೂ ಇಲ್ಲ,
ನಿನ್ನ ಡಬ್ಬಿ ಅಲ್ಲಿ ಯಾರಿಗೆ? ಬಂದು ತಕೊಂಡು ಹೋಗು.’
ಹೋದೆ. ಮೈ ತಣ್ಣಗಾಗಿತ್ತು.
ಡಬ್ಬಿ ಮಾತ್ರ ನಿಮಿಷಕ್ಕೆ ಅರವತ್ತು ಸಲ
ಕರೆಯುತ್ತಿತ್ತು, ಕರೆಯುತ್ತಿತ್ತು.
ಓಗೊಡುವವರಿಲ್ಲ.
ನಾನೇ ಹಾಕಿದ ಹೊಲಿಗೆಯ ಗುರುತಿನ ಮೇಲೆ ಮತ್ತೆ ಕೊಯ್ದೆ.
ಪರದೆ ತೋರಿಸಿತು: ಬ್ಯಾಟರಿ, ಇನ್ನೂ ಆರು ವರ್ಷ.

ತೊಳೆದು, ಗ್ಯಾಸಿನ ಪೆಟ್ಟಿಗೆಯಲ್ಲಿಟ್ಟು, ಮೂರು ಸಹಿ ಹಾಕಿಸಿ
ಆಗಸ್ಟಿನಲ್ಲಿ ಧಾರಾವಿಯ ಕುಂಬಾರಗಿತ್ತಿ ಜೀವೀಬೆನ್‌ಗೆ ಇಟ್ಟೆ.
ಮೂವತ್ತೆರಡರಲ್ಲಿ ಕುಂಟುತ್ತಿದ್ದ ನಾಡಿ
ಅರವತ್ತಕ್ಕೆ ಎದ್ದು ಕೂತಿತು,
ಬೂದುಗಟ್ಟಿದ್ದ ಉಗುರು ಕೆಂಪಾಯಿತು.

ಸತ್ತವರದೆಂದು ಮೊದಲೇ ಹೇಳಿದ್ದೆವು, ಹೆಬ್ಬೆಟ್ಟು ಒತ್ತಿದ್ದಳು.
ಆದರೂ ಟಾಂಕಿ ಬಿಚ್ಚುವ ದಿನ ಕೇಳಿದಳು:
‘ಅವನು ಎಂಥವನು?’
ಸ್ಟೇಟ್ ಬ್ಯಾಂಕಿನ ಕ್ಯಾಶಿಯರ್, ಅಂದೆ.
‘ಅದಲ್ಲ. ಸ್ವಭಾವ?’
ಬಾಯಿ ತೆರೆದರೆ ಬೈಗುಳ. ನನ್ನನ್ನೂ ಬಿಟ್ಟವನಲ್ಲ.

ಜೀವೀಬೆನ್ ಅಂಗೈಯಲ್ಲಿ ಕಿಸೆಯನ್ನು ಒಮ್ಮೆ ಒತ್ತಿ ನೋಡಿದಳು,
ಕೊಳ್ಳುವ ಮುನ್ನ ಗಡಿಗೆ ತಟ್ಟುವಂತೆ.
‘ಗಟ್ಟಿ ಇದೆ,’ ಅಂದಳು.