ಸೊನ್ನೆ ಮಟ್ಟ

ಪುಟ ಹನ್ನೊಂದು: ಮೊದಲು ನೆಲ ಗೊತ್ತುಮಾಡಿ, ಅನ್ನುತ್ತದೆ ಪುಸ್ತಕ.
ನೆಲವೆಂದರೆ ಸೊನ್ನೆ. ಉಳಿದದ್ದೆಲ್ಲ ಅದರ ಮೇಲೆ.

ಇಲ್ಲೇ ಎಡವಿದೆ.

ಕಾಸ್ತ್ರೋದ ಈ ದಂಡೆಯಲ್ಲಿ ನನ್ನ ಮನೆ
ಹದಿನೇಳು ಕಂಬಗಳ ಮೇಲೆ ನಿಂತಿದೆ.
ಬೆಳಿಗ್ಗೆ ಕೆಳಗೆ ಕೆಸರು, ಚಿಪ್ಪು, ಮಗ್ಗುಲಾದ ದೋಣಿ;
ಮಧ್ಯಾಹ್ನ ಅದೇ ದೋಣಿ
ಅಡುಗೆಮನೆಯ ಹಲಗೆಗೆ ಮೂತಿ ತಿಕ್ಕುತ್ತದೆ.
ದಿನಕ್ಕೆರಡು ಸಲ ಬಂದು ಹೋಗುವುದನ್ನು
ಯಾವ ಗಳಿಗೆಯಲ್ಲಿ ಹಿಡಿದು ಸೊನ್ನೆ ಅನ್ನಲಿ?

ಅಂಚಿನಲ್ಲಿ ಯಾರದೋ ಪೆನ್ಸಿಲ್:
‘ನನಗೂ ತಿಳಿಯಲಿಲ್ಲ. ಏನೋ ಒಂದು ಹಾಕಿ ಮುಂದೆ ಹೋಗಿ.’

ಪೆನ್ಸಿಲ್ಲಿನವರೇ, ನಿಮಗೆ ಶರಣು.
ನಾನು ಎದೆಲ್ಮಿರಾ ಚಿಗ್ವಾಯ್, ಬಡಗಿ, ಬಡಗಿಯ ಮಗಳು,
ವಯಸ್ಸು ಐವತ್ತಮೂರು, ಬೆರಳು ಒಂಬತ್ತೂವರೆ.
ಪುರಸಭೆಯ ಕಿಟಕಿಯ ಹುಡುಗ ಮಾರ್ಚಿನಲ್ಲಿ ಹೇಳಿದ:
ಕೈನಕ್ಷೆ ಇನ್ನು ನಡೆಯುವುದಿಲ್ಲ ಸೆನ್ಯೋರಾ, ಫೈಲು ತನ್ನಿ.
ಫೈಲಂತೆ!
ಗ್ರಂಥಾಲಯದಲ್ಲಿ ಇದ್ದದ್ದು ಇದೊಂದೇ.
ಒಂಬೈನೂರ ಹನ್ನೆರಡು ಪುಟ;
ಬಾಗಿಲಿಗೆ ಅಡ್ಡ ಇಟ್ಟರೆ ತೆಂಕಣ ಗಾಳಿಗೂ ಜಗ್ಗದು.

ಪುಸ್ತಕ ಬರೆದದ್ದು ಏಳನೆಯ ಆವೃತ್ತಿಗೆ,
ತಂಗಿಯ ಮಗ ಹಾಕಿಕೊಟ್ಟದ್ದು ಹತ್ತನೆಯದು.
‘ಎಡಮೂಲೆಯ ಸುತ್ತಿಗೆ ಒತ್ತಿ.’
ಎಡಮೂಲೆಯಲ್ಲಿ ಸುತ್ತಿಗೆಯಿಲ್ಲ.
ಮೂರು ಸಂಜೆ ಹುಡುಕಿದ ಮೇಲೆ ಸಿಕ್ಕಿತು, ಬಲಗಡೆ,
ಬೇರೆ ಹೆಸರಿಟ್ಟುಕೊಂಡು,
ಬಾಕಿ ಉಳಿಸಿ ಊರು ಬಿಟ್ಟವನ ಹಾಗೆ.

ಗೋಡೆ ಎಳೆದೆ. ಎಳೆದ ಕೂಡಲೇ ಎದ್ದಿತು, ಸದ್ದಿಲ್ಲದೆ,
ಒಂದು ಚಕ್ಕೆ ಹಾರದೆ.
ಬಾಗಿಲಿಟ್ಟೆ; ಅದು ಗೋಡೆ ಬಿಟ್ಟು ಆಕಾಶದಲ್ಲಿ ಕೂತಿತು.
ಮಾಡು ಹೊದಿಸಿದೆ; ಒಳಗಿನದೆಲ್ಲ ಹೊರಗೆ.
ಅಪ್ಪ ಇದ್ದಿದ್ದರೆ ಬಾಚಿ ಎಸೆಯುತ್ತಿದ್ದ,
ಕಂಪ್ಯೂಟರಿಗಲ್ಲ, ನನಗೆ.

ಎರಡು ಗೋಡೆ ಕೂಡುವ ಮೂಲೆಯನ್ನು ಯಂತ್ರ ತಾನೇ ಬೆಸೆಯುತ್ತದೆ.
ಕೀಲು ಎಲ್ಲಿ, ಗೂಟ ಎಷ್ಟುದ್ದ, ಕೇಳಿದೆ.
ಬಿಳಿಯ ಚಕ್ರವೊಂದು ಸುಮ್ಮನೆ ತಿರುಗಿತು.
ನಮ್ಮ ಗೋಡೆಗಳ ಮೀನುಪೊರೆ, ಅಲೆರ್ಸೆ ಮರದ ಬಿಲ್ಲೆ,
ಅವರ ಪಟ್ಟಿಯಲ್ಲಿಲ್ಲ.
ಇಟ್ಟಿಗೆಯಿದೆ, ಗಾಜಿದೆ, ‘ಸಾಮಾನ್ಯ’ ಎಂಬ ಬೂದು ವಸ್ತುವಿದೆ.
ಒಂದು ವಾರ ನನ್ನ ಮನೆ ‘ಸಾಮಾನ್ಯ’ದಲ್ಲೇ ನಿಂತಿತ್ತು.

ಪುಟ ನೂರ ಮೂವತ್ತೆರಡು: ಸರಿಸುವುದು.
ಕಟ್ಟಡವನ್ನು ಆರಿಸಿ. ಇಲ್ಲೊಂದು ಬಿಂದು. ಅಲ್ಲೊಂದು ಬಿಂದು.
ಒತ್ತಿದೆ. ಮನೆ ಹೋಯಿತು.

ನಗು ಬಂತು. ಒಬ್ಬಳೇ ನಕ್ಕೆ.
ನನಗೆ ಒಂಬತ್ತಿದ್ದಾಗ ಲೆಮುಯ್ ದ್ವೀಪದಲ್ಲಿ
ದೊಡ್ಡಮ್ಮ ಒತಿಲಿಯಾಳ ಮನೆ ಸರಿಸಿದ್ದರು:
ಆರು ಜೋಡಿ ಎತ್ತು, ನಲವತ್ತು ಜನ, ಉರುಳುವ ದಿಮ್ಮಿ,
ಹಗ್ಗ ಹಿಡಿದವರ ಕೂಗಿಗೆ ಗುಡ್ಡ ಓಗೊಟ್ಟಿತು.
ಮನೆ ನಡೆಯಿತು.
ಕಿಟಕಿಯ ಪರದೆ ಅಲ್ಲಾಡುತ್ತಲೇ ಇತ್ತು,
ಬೆಕ್ಕು ಇಳಿಯಲೊಲ್ಲದೆ ಹಾಗೇ ಬಂತು.
ಕೂಲಿ ಯಾರೂ ಕೇಳಲಿಲ್ಲ.
ಸಂಜೆ ಕುಣಿಯಲ್ಲಿ, ಕಾದ ಕಲ್ಲಿನ ಮೇಲೆ,
ಚಿಪ್ಪುಮೀನು, ಆಲೂಗೆಡ್ಡೆ, ಹಂದಿಮಾಂಸ,
ಕತ್ತಲಾದರೂ ಉಣ್ಣುತ್ತಲೇ ಇದ್ದರು.
ಪುಟ ನೂರ ಮೂವತ್ತೆರಡರಲ್ಲಿ ಊಟದ ಮಾತಿಲ್ಲ.

ಪೆನ್ಸಿಲ್ಲಿನವರೇ, ನೀವು ಎಂಟನೆಯ ಅಧ್ಯಾಯಕ್ಕೆ ನಿಂತಿರಿ.
‘ಮೆಟ್ಟಿಲು’ ಎಂಬಲ್ಲಿ ಒಂದು ಪ್ರಶ್ನೆಯ ಕೊಕ್ಕೆ,
ಲೋಟದ ತಳದ ಉಂಗುರ, ಆಮೇಲೆ ಬರೀ ಬಿಳಿ ಅಂಚು.
ಬೇಸತ್ತಿರೋ, ಕೆಲಸ ಸಿಕ್ಕಿತೋ,
ಪುಸ್ತಕ ಹಿಂದಿರುಗಿಸುವ ದಿನ ಬಂತೋ.
ನಿಮ್ಮ ಬೆನ್ನ ಹಿಂದೆ ಇಲ್ಲಿವರೆಗೆ ಬಂದವಳು
ಹದಿಮೂರೂವರೆ ಮೆಟ್ಟಿಲು ಕಟ್ಟಿ, ಆ ಅರ್ಧ ಮೆಟ್ಟಿಲಿನೊಂದಿಗೆ
ಹದಿನಾಲ್ಕು ರಾತ್ರಿ ಗುದ್ದಾಡಿದೆ.

ನಿನ್ನೆ ಮತ್ತೆ ಹನ್ನೊಂದನೆಯ ಪುಟಕ್ಕೆ ಹೋದೆ.
ಹುಣ್ಣಿಮೆಯ ಉಬ್ಬರ. ಟಾರ್ಚು ಹಿಡಿದು ಬಗ್ಗಿ ನೋಡಿದರೆ
ಮೂರನೆಯ ಕಂಬದಲ್ಲಿ ಅಪ್ಪನ ಉಳಿಯ ಗೀಟು:
ಅವನು ಕಂಡ ಅತಿ ದೊಡ್ಡ ನೀರು ಅಲ್ಲಿವರೆಗೆ.
ಅದರಿಂದ ಎರಡು ಗೇಣು ಮೇಲೆ ನಮ್ಮ ಹಲಗೆ.
ಆ ಗೀಟಿಗೆ ಸೊನ್ನೆ ಎಂದು ಒತ್ತಿದೆ.
ಕಡಲಿಗೆ ಕಡಲೇ ಮೈನಸ್ಸಿಗೆ ಇಳಿಯಿತು.
ಮೆಟ್ಟಿಲು ತಾನಾಗಿ ಹದಿನಾಲ್ಕಾಯಿತು.

ಕಿವಿಯ ಹಿಂದಿನ ಪೆನ್ಸಿಲ್ ತೆಗೆದು
ನಿಮ್ಮ ಸಾಲಿನ ಕೆಳಗೆ ಬರೆದೆ:
‘ಕಂಬ ನೋಡಿ. ಯಾರಾದರೂ ಗೀಟು ಹಾಕಿರುತ್ತಾರೆ.’
ಬಡಗಿಯ ಸೀಸ, ದಪ್ಪ; ಅರ್ಧ ಪುಟ ಮಸಿಯಾಯಿತು.
ಸೊಯ್ಲಾ ದಂಡ ಹಾಕಿದರೆ ಕಟ್ಟುತ್ತೇನೆ.