ಫಲಕದ ಮೇಲಿಲ್ಲದ್ದು

ಮಲ್ಪೆ ಬಂದರಿನ ಹಿಂದೆ, ಡೀಸೆಲ್ ಬಂಕಿನ ಪಕ್ಕ
ಜಲಜಾ ಕುಂದರ್ ಅವರ ಐಸ್ ಪ್ಲಾಂಟು.
ಮಂಜುಗಡ್ಡೆ ಪುಡಿ ಮಾಡುವ ಮೋಟಾರಿನ ಹಣೆಗೆ
ಒಂದರ ಮೇಲೊಂದು ನಾಲ್ಕು ಸಲದ ಹಸಿರು ಬಣ್ಣ.
ಬ್ಲೇಡಿನಿಂದ ಕೆರೆದೆ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ.
ಹದಿನೈದು ಎಚ್‌ಪಿ ಕಾಣಿಸಿತು. ವೋಲ್ಟು ನಾನೂರ ಹದಿನೈದು.
ಆಂಪಿಯರಿನ ಜಾಗದಲ್ಲಿ ಎರಡು ಉಳಿದು
ಪಕ್ಕದ ಅಂಕಿಯನ್ನು ಉಪ್ಪು ತಿಂದಿತ್ತು.

"ಹದಿನೈದರ ಮೋಟಾರಿಗೆ ಹದಿನೈದರ ಡ್ರೈವು,
ಇದರಲ್ಲಿ ನೋಡುವುದು ಎಂಥದು ಮಾರಾಯ್ರೆ?"
ಜಲಜಕ್ಕ ಕೇಳಿದ್ದು ಸರಿಯೇ.
ಅಂಗಡಿಯವನೂ ಹಾಗೇ ಹೇಳಿ ಕೊಟೇಶನ್ ಕಳಿಸಿದ್ದಾನೆ,
ಜೊತೆಗೊಂದು ಕ್ಯಾಲೆಂಡರು.

ಕುದುರೆಯ ಲೆಕ್ಕ ಮಾರುವವರಿಗೆ, ಜಲಜಕ್ಕ.
ತಂತಿಗೆ ಕುದುರೆ ಗೊತ್ತಿಲ್ಲ,
ಗೊತ್ತಿರುವುದು ತನ್ನೊಳಗೆ ಹರಿದದ್ದು ಮಾತ್ರ.

ಫ್ಯಾನಿಗಾದರೆ ಹೂಂ ಅನ್ನುತ್ತಿದ್ದೆ,
ಪಂಪಿಗೂ ಅನ್ನುತ್ತಿದ್ದೆನೋ ಏನೋ.
ನಿಧಾನ ತಿರುಗಿಸಿದರೆ ಗಾಳಿ ತಾನೇ ಹಗುರಾಗುತ್ತದೆ,
ಮರ್ಯಾದೆಸ್ಥ ಭಾರ ಅದು.
ಮಂಜುಗಡ್ಡೆ ಹಾಗಲ್ಲ.
ಎಷ್ಟು ನಿಧಾನ ತಿರುಗಿಸಿದರೂ ಅಷ್ಟೇ ಗಟ್ಟಿ, ಅಷ್ಟೇ ಹಟ.
ಒಂದು ತುಂಡು ಹಲ್ಲುಗಳ ನಡುವೆ ಅಡ್ಡ ಕೂತಿತೋ

ಏನಾಗುತ್ತದೆಂದು ಶೀನಣ್ಣನಿಗೆ ಗೊತ್ತು.
ಮೂವತ್ತೊಂದು ವರ್ಷ ಗಡ್ಡೆ ತಳ್ಳಿದ ಬಲಗೈ,
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ, ಹಿಡಿ ಕಿವಿಗೆ.
ನಾನು ಕ್ಲ್ಯಾಂಪ್ ಮೀಟರನ್ನು ತಂತಿಗೆ ತೊಡಿಸಿ ಕೂತಿದ್ದೆ:
ಇಪ್ಪತ್ತು, ಹತ್ತೊಂಬತ್ತು, ಇಪ್ಪತ್ತೊಂದು.
"ಈಗ ಉಸಿರು ಕಟ್ಟುತ್ತದೆ ನೋಡಿ" ಅಂದರು.
ಅಂದು ಮುಗಿಸುವುದಕ್ಕೂ
ಮೂವತ್ತೆಂಟಕ್ಕೂ ಸರಿಹೋಯಿತು.

"ಹೀಗೆ ದಿನಕ್ಕೆ ಎಷ್ಟು ಸಲ?"
"ಬಂಗುಡೆ ಬಂದ ದಿನ ಲೆಕ್ಕ ಇಲ್ಲ.
ಬೋಟುಗಳು ಸಾಲು ಹಿಡಿದರೆ ಎರಡು ಗಡ್ಡೆ ಒಟ್ಟಿಗೆ ತಳ್ಳುತ್ತೇವೆ.
ಅದನ್ನು ಬರೆಯಬೇಡಿ."

ಬರೆದೆ.
ಮೀನು ಹರಾಜಿನ ಚೀಟಿಯ ಬೆನ್ನಿಗೆ, ಪೆನ್ಸಿಲಿನಲ್ಲಿ.
ಅಂಗಡಿಯವನ ಡ್ರೈವು ಇಪ್ಪತ್ತನಾಲ್ಕು ಆಂಪಿಯರಿನದು,
ಫ್ಯಾನಿನ ಜಾತಿಯದು, ಮೇಲೆ ಹತ್ತನೇ ಒಂದು ಪಾಲು ಹೊತ್ತರೆ ಹೆಚ್ಚು.
ಮೂವತ್ತೆಂಟು ಕಂಡೊಡನೆ ಅದು ತನ್ನ ಜೀವ ಉಳಿಸಿಕೊಂಡು
ಕೆಂಪು ದೀಪ ಹಚ್ಚಿ ಸುಮ್ಮನಾಗುತ್ತದೆ,
ಬಂಗುಡೆ ಬಿಸಿಲಲ್ಲಿ ಕಾಯುತ್ತದೆ.
ಭಾರದ ಕೆಲಸದ್ದು ಬೇಕು, ಮೂವತ್ತರದು,
ಒಂದು ನಿಮಿಷವಾದರೂ ಒಂದೂವರೆ ಪಟ್ಟು ಸಹಿಸುವಂಥದು.

ಎಷ್ಟು ಹೆಚ್ಚಾಗುತ್ತದೆ ಎಂದರು. ಹೇಳಿದೆ.
ಜಲಜಕ್ಕ ಚೀಟಿ ತಿರುಗಿಸಿ
ಮೊನ್ನೆಯ ಅಂಜಲಿನ ರೇಟು ನೋಡಿದರು.

ಇನ್ನೂ ಇದೆ. ಇದು ಎರಡು ಸಲ ರಿವೈಂಡ್ ಆದ ಮೋಟಾರು,
ಉದ್ಯಾವರದ ಮಥಾಯಸರು ಹಳೆ ವಾರ್ನಿಶಿನಲ್ಲಿ ಸುತ್ತಿದ್ದು.
ಡ್ರೈವಿನಿಂದ ಬರುವುದು ಅಲೆಯಲ್ಲ, ಸುತ್ತಿಗೆ.
ಪ್ಯಾನೆಲ್ ರೂಮಿನಿಂದ ಎಪ್ಪತ್ತು ಮೀಟರು ಕೇಬಲು,
ಇಲ್ಲಿ ಮುಟ್ಟುವಾಗ ಪೆಟ್ಟು ಇನ್ನೂ ಜೋರಾಗಿರುತ್ತದೆ,
ಡ್ರೈವಿನ ಬಾಯಿಗೊಂದು ಚೋಕು ಇಡಬೇಕು.
ಪೆಟ್ಟಿಗೆ ಬಿಗಿಯಾಗಿ ಮುಚ್ಚಿರಬೇಕು, ಇಲ್ಲಿ ಗಾಳಿಗೂ ಉಪ್ಪಿನ ನಾಲಿಗೆ.
ಇಪ್ಪತ್ತೈದು ಹರ್ಟ್ಸ್‌ಗಿಂತ ಕೆಳಗಿಳಿಸಬೇಡಿ,
ಮೋಟಾರಿನ ಬೀಸಣಿಗೆ ಅದರ ಬಾಲಕ್ಕೇ ಕಟ್ಟಿದ್ದು,
ನಿಧಾನವಾದಷ್ಟೂ ತನಗೆ ತಾನು ಗಾಳಿ ಹಾಕಿಕೊಳ್ಳಲಾರದು.

ಜಲಜಕ್ಕ ಶೀನಣ್ಣನ ಕಡೆ ನೋಡಿದರು.
ಶೀನಣ್ಣ ಭುಜ ಉಜ್ಜಿಕೊಳ್ಳುತ್ತಿದ್ದರು.

ಆಟಿಯ ನಡುವೆ, ಬೋಟುಗಳು ಕಡಲಿಗಿಳಿಯುವ ವಾರ ಕೂರಿಸಿದೆವು.
ಹಳೆಯ ಸ್ಟಾರ್ ಡೆಲ್ಟಾ ಪೆಟ್ಟಿಗೆ ಗೋಡೆಗೆ ಒರಗಿದೆ.
ಅದು ಧಡ್ ಎಂದಾಗಲೆಲ್ಲ ಟ್ಯೂಬ್‌ಲೈಟು ಕಣ್ಣು ಮಿಟುಕಿಸಿ
ಶೀಟಿನ ಮೇಲಿನ ಕಾಗೆಗಳೆಲ್ಲ ಒಮ್ಮೆಗೇ ಏಳುತ್ತಿದ್ದವು.
ಈಗ ಹನ್ನೆರಡು ಸೆಕೆಂಡಿನ ಏರಿಕೆ,
ಸೊನ್ನೆಯಿಂದ ಒಂದು ಸಣ್ಣ ಗುಂಯ್.
ಶೀನಣ್ಣ ಸ್ಕ್ರೂಡ್ರೈವರು ಕಿವಿಗಿಟ್ಟು ಹುಬ್ಬು ಗಂಟಿಕ್ಕಿದರು.
"ಇದೆಂಥ ಸೊಳ್ಳೆ? ಇದರ ಭಾಷೆ ನನಗೆ ಗೊತ್ತಾಗುವುದಿಲ್ಲ."
ಒಂದು ಸೀಸನ್ ಬೇಕು ಕಲಿಯಲಿಕ್ಕೆ, ಅಂದೆ.

ಮೊದಲ ಗಡ್ಡೆ ಒಳಗೆ ಹೋಯಿತು.
ಮೇಲೆ ಕಾಗೆಯೊಂದು
ಕೂತಲ್ಲೇ ರೆಕ್ಕೆ ಕೆದಕುತ್ತಿತ್ತು.