ಬಾಗಿಲ ಹಿಂದಿನ ಹಾಳೆ

ಸಾಹುಕಾರ್ರು ಹೇಳಿದ್ದಾರೆ, ಬರೀಬೇಕಂತೆ:
ಸುತ್ತಮುತ್ತ ಏನು ನೋಡೋದು, ಎಲ್ಲಿ ಉಣ್ಣೋದು,
ಒಂದೊಂದು ಕೋಣೆಯ ಬಾಗಿಲ ಹಿಂದೆ ಒಂದೊಂದು ಹಾಳೆ,
ಬೀಗದ ಕೈ ತೂಗುವ ಮೊಳೆಗೇ.
ಅಕ್ಷರ ನನ್ನದು, ಏಳನೇ ಕ್ಲಾಸಿನದು.
ಒತ್ತು ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ಕೋಟೆ. ಅದನ್ನ ನಾನು ಹೇಳಬೇಕಿಲ್ಲ,
ದುರ್ಗಕ್ಕೆ ಬಂದದ್ದೇ ಅದಕ್ಕೆ ನೀವು.
ಏಳು ಸುತ್ತು ಅಂತ ಕೇಳಿದ್ದೀರಿ,
ಮಂಡಿ ಒಪ್ಪಿದಷ್ಟು ಸುತ್ತಿ.
ಬೆಳಕು ಹರಿಯುತ್ತಲೇ ಹೊರಡಿ, ಹತ್ತರ ಮೇಲೆ ಆ ಬಂಡೆ
ಕಾದ ಹೆಂಚು, ದೋಸೆ ಹುಯ್ಯಬಹುದು.

ದೋಸೆ ಅಂದೆನಲ್ಲ,
ಬೆಣ್ಣೆದೋಸೆ ಇಲ್ಲಿ ಸಿಗುತ್ತಾ ಅಂತ ಎಲ್ಲರೂ ಕೇಳ್ತಾರೆ.
ಅದು ದಾವಣಗೆರೆಯದು, ಬಸ್ಸಿನಲ್ಲಿ ಗಂಟೆಯ ಮೇಲಾಗುತ್ತೆ.
ಇಲ್ಲೂ ಬೋರ್ಡು ಹಾಕಿದವರಿದ್ದಾರೆ.
ಬೆಣ್ಣೆ ಇದೆ, ದೋಸೆಯೂ ಇದೆ,
ಇಬ್ಬರಿಗೂ ಇನ್ನೂ ಮಾತುಕತೆ ಆಗಿಲ್ಲ.

ಚಂದ್ರವಳ್ಳಿಗೆ ಸಂಜೆ ಹೋಗಿ, ನೀರಿನ ದಂಡೆಗೆ ಕೂತರೂ ಸಾಕು.
ಗುಹೆ ಹೊಕ್ಕುವವರು ಟಾರ್ಚು ಕೇಳಿ ಇಸ್ಕೊಳ್ಳಿ,
ಅಡುಗೆಮನೆ ಗೂಡಿನಲ್ಲಿದೆ. ಸೆಲ್ಲು ನಿಮ್ಮದು.

ಜೋಗಿಮಟ್ಟಿಗೆ ಮೈಮೇಲೊಂದು ಬಟ್ಟೆ ಹೆಚ್ಚಿಗಿರಲಿ.
ಅಲ್ಲಿ ಗಾಳಿ ಮಾತಾಡೋಕೆ ಬಿಡೋದಿಲ್ಲ,
ಜಗಳ ಆಡಿಕೊಂಡು ಬಂದ ಗಂಡ ಹೆಂಡತಿಗೆ ಒಳ್ಳೇ ಜಾಗ.
ಗುಡ್ಡದ ಸಾಲಿನ ಆ ಬಿಳೀ ಫ್ಯಾನುಗಳನ್ನ ತೋರಿಸಿ
ಮೂರನೇ ಕೋಣೆಯ ಹುಡುಗಿ ಕೇಳಿದಳು:
ಅಜ್ಜೀ, ರಾತ್ರಿ ಅವನ್ನ ಆಫ್ ಮಾಡೋರು ಯಾರು?
ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ,
ನನಗೆ ಹೊಳೆದಿರಲಿಲ್ಲ.

ಮಾರಿಕಣಿವೆ ದೂರ. ಹೋದರೆ ಮೀನು ತಿನ್ನಿ.
ನಾನು ಹೋಗಿಲ್ಲ, ಹೋದವರು ಹೇಳಿದ್ದು.
ಸೀತಾಫಲದ ಕಾಲವಾದರೆ ಎಲ್ಲಿಗೂ ಹೋಗಬೇಡಿ,
ಹಿತ್ತಲ ಬೇಲಿ ದಾಟಿ ನಾಲ್ಕು ಹೆಜ್ಜೆ.
ಕಣ್ಣು ಬಿಟ್ಟ ಕಾಯಿ ಕೀಳಿ, ಅಕ್ಕಿಯೊಳಗೆ ಹೂತಿಡಿ.
ಕೊಟ್ಟೂರಿನ ಮೇಷ್ಟ್ರೊಬ್ಬರು
ಹಣ್ಣಾಗೋದನ್ನ ಕಾಯ್ತಾ ಮೂರು ದಿನ ಕೂತರು,
ಕೋಟೆಯನ್ನ ನೋಡದೇ ಹೋದರು. ಬೇಜಾರಿರಲಿಲ್ಲ.

ಊಟ.
ಕ್ರಾಸಿನಲ್ಲಿ ಮೂರು ಹೋಟೆಲಿವೆ.
ಎರಡಕ್ಕೆ ದೊಡ್ಡ ಬೋರ್ಡು, ಎಲ್.ಇ.ಡಿ. ಲೈಟು.
ಅಲ್ಲಿ ಕಾಫಿ ಕುಡೀಬಹುದು.
ಮೂರನೆಯದು ತೆಂಗಿನ ಗರಿಯ ತಟ್ಟಿ,
ಗುರುತು: ಹೊರಗೆ ಕಟ್ಟಿದ ಒಂಟಿಕೊಂಬಿನ ಮೇಕೆ.
ಪಾಲಕ್ಕನದು.
ಮುದ್ದೆಯೂ ಉಂಟು, ರೊಟ್ಟಿಯೂ ಉಂಟು, ಎರಡೂ ಸೇರೋ ಸೀಮೆ ಇದು.
ಹುರುಳಿಕಾಳಿನ ಸಾರು ಕೇಳಿ, ಶೇಂಗಾ ಚಟ್ನಿ ಕೇಳದಿದ್ದರೂ ಬರುತ್ತೆ.
ಮುದ್ದೆ ಅಗೀಬೇಡಿ, ನುಂಗಿ.
ಅಗಿದವರನ್ನ ಆಕೆ ನೋಡೋ ನೋಟಕ್ಕೆ
ಸಾರು ಆರಿಹೋಗುತ್ತೆ.
ಮಧ್ಯಾಹ್ನ ಒಂದೂವರೆಯೊಳಗೆ ಹೋಗಬೇಕು,
ಆಮೇಲೆ ತಳದ ಸಾರು, ಉಪ್ಪು ಜಾಸ್ತಿ.
ಅದು ಆಕೆಗೂ ಗೊತ್ತು. ನಾನಿದ್ದಾಗ
ಹನ್ನೆರಡಕ್ಕೇ ಒಂದು ತಂಬಿಗೆ ಬಿಸಿನೀರು ತೆಗೆದಿಡ್ತಿದ್ದೆ.

ಹೌದು, ಆ ಒಲೆ ಹೂಡಿದ್ದು ಇಬ್ಬರೂ ಸೇರಿ.
ಮಣ್ಣು ನಾನು ತುಳಿದದ್ದು.
ಈ ಲಾಡ್ಜು ಎದ್ದಿತು, ತಿಂಗಳ ಸಂಬಳ ಅಂದರು,
ಒಂದು ಸೋಮವಾರ ನಾನು ಈ ಕಡೆ ನಡೆದೆ.
ಹನ್ನೊಂದು ವರ್ಷ, ಮಾತಿಲ್ಲ.
ಸಂತೆಯಲ್ಲಿ ಎದುರಾದರೆ ಇಬ್ಬರೂ
ಮೆಣಸಿನಕಾಯಿ ರಾಶಿ ನೋಡ್ತೀವಿ.

ಇದನ್ನ ಸಾಹುಕಾರ್ರು ಬರೀ ಅಂದಿರಲಿಲ್ಲ.
ಇನ್ನೊಂದು ಹಾಳೆ ಹಾಳು ಮಾಡೋದು ಬೇಡ, ಇರಲಿ.

ಕೊನೆಗೆ,
ಹೋಗೋವಾಗ ಕಪಾಟಿನ ಮೇಲಿನ ಸ್ಟೀಲ್ ಡಬ್ಬಿ ಒಯ್ಯಿರಿ.
ಉಂಡಾದ ಮೇಲೆ ಅರ್ಧ ಡಬ್ಬಿ ಸಾರು ಹಾಕಿಸಿಕೊಂಡು ಬನ್ನಿ,
ದುಡ್ಡು ನಾನು ಕೊಡ್ತೀನಿ.
ಯಾರಿಗೆ ಅಂತ ಕೇಳಿದರೆ ಏನೂ ಹೇಳಬೇಡಿ,
ಮುಚ್ಚಳ ಮೇಲು ಮಾಡಿ ಕೊಡಿ.
ನನ್ನ ಮದುವೆಯಲ್ಲಿ ಮುಯ್ಯಿ ಬಂದ ಡಬ್ಬಿ ಅದು,
ಕೆತ್ತಿರೋ ಹೆಸರು ಆಕೆಯದೇ.

ಸಂಜೆ ನಾಲ್ಕರ ಮೇಲೆ ಗಾಳಿ ಏಳುತ್ತೆ, ಕಿಟಕಿಗೆ ಕೊಂಡಿ ಹಾಕಿ.
ಬೀಗದ ಕೈ ಇದೇ ಮೊಳೆಗೆ.